ಬಂಧನ ಮತ್ತು ನಿಯಮ: ಒಂದು ಕೈಯ ನಿಮಿತ್ತವಾಗಿ

ವ್ರತವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ನಾಲಗೆಯಿಂದ ಆರಂಭಿಸುತ್ತಾರೆ. ನಾನು ಕೈಯಿಂದ ಆರಂಭಿಸಬೇಕಾಗಿದೆ. ಅದೂ ನನ್ನ ಕೈಯಲ್ಲ, ನನ್ನ ಭಾವನವರ ಬಲಗೈ.

2022ರ ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯ ಬೆಳಿಗ್ಗೆ, ಜಯನಗರದ ತಮ್ಮ ಮನೆಯಿಂದ ಬಸದಿಗೆ ಹೊರಟಿದ್ದ ಅವರ ಕೈಯಿಂದ ಅಕ್ಷತೆಯ ಬಟ್ಟಲು ಜಾರಿ ಬಿದ್ದಿತು. ಅಂದು ಅವರಿಗೆ ನಿರಾಹಾರ ಉಪವಾಸ. ಬಗ್ಗಿ ಅಕ್ಕಿಯನ್ನು ಆಯಲು ಹೋದವರಿಗೆ ಬೆರಳು ಮಡಿಸಲಾಗಲಿಲ್ಲ. ಏನೋ ಹೇಳಲು ಹೋದರು, ಮಾತು ತೊದಲಿತು. ಉಪವಾಸದ ನಿಶ್ಶಕ್ತಿ, ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ ಎಂದು ಮನೆಯವರೆಲ್ಲ ಭಾವಿಸಿದೆವು. ನಾನೂ ಅಲ್ಲಿದ್ದೆ, ನಾನೂ ಹಾಗೆಯೇ ಹೇಳಿದೆ. ಆಸ್ಪತ್ರೆ ಸೇರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಧಾರಣವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆ ಗಡುವು ನಮ್ಮ ಕಣ್ಣೆದುರಿಗೇ ಮೀರಿ ಹೋಗಿತ್ತು. ಧರ್ಮಬಂಧುಗಳು ಮುಂದಿನದನ್ನು ಓದುವ ಮೊದಲು ಇದೊಂದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಡಬೇಕೆಂದು ಪ್ರಾರ್ಥನೆ: ಮುಖ ಒಂದು ಕಡೆಗೆ ಜೋಲಿದರೆ, ಒಂದು ತೋಳು ಮೇಲೇಳದಿದ್ದರೆ, ಮಾತು ತೊಡರಿದರೆ ಅದು ಉಪವಾಸದ ಆಯಾಸವಲ್ಲ. ಅಲ್ಲಿ ಪಾರಣೆಯವರೆಗೆ ಕಾಯುವುದು ಧರ್ಮವೂ ಅಲ್ಲ.

ಎಡ ಮಿದುಳಿನ ಒಂದು ಭಾಗ ರಕ್ತವಿಲ್ಲದೆ ನಾಶವಾಗಿತ್ತು. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನು ನಡೆಸುವುದರಿಂದ ಬಲಗೈ ಬಲಗಾಲುಗಳೆರಡೂ ಸೋತವು. ಕಾಲು ಕೆಲವು ವಾರಗಳಲ್ಲಿ ಊರುಗೋಲಿನ ಆಸರೆಗೆ ಬಂದಿತು. ಕೈ ಬರಲಿಲ್ಲ. ಐವತ್ತು ವರ್ಷ ಅಭಿಷೇಕದ ಕಲಶವನ್ನು ಎತ್ತಿದ ಕೈ, 108 ಮಣಿಗಳನ್ನು ದಿನಕ್ಕೆ ಮೂರು ಸಲ ಸರಿಸಿದ ಕೈ, ತೊಡೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು. ಎರಡು ಕೈ ಜೋಡಿಸಿ ನಮಸ್ಕರಿಸಲು ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಬಳಿಗೆ ತರುತ್ತಿದ್ದರು.

ಸತ್ತ ನರಕೋಶ ಮರಳಿ ಬರುವುದಿಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಉಳಿದ ಕೋಶಗಳು ಸತ್ತವುಗಳ ಕೆಲಸವನ್ನು ಕಲಿಯಬಲ್ಲವು ಎಂದೂ ಹೇಳಿದರು. ಈ ಎರಡನೆಯ ಮಾತು ವಿಜ್ಞಾನಕ್ಕೆ ಹೊಸದು. ನರಕೋಶಗಳ ರಚನೆಯನ್ನು ಲೋಕಕ್ಕೆ ತೋರಿಸಿ 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ಪೇನಿನ ರಾಮೋನ್ ಈ ಕಹಾಲ್ ಅವರಂಥ ಮಹನೀಯರೇ, ಬೆಳೆದ ಮನುಷ್ಯನ ಮಿದುಳಿನಲ್ಲಿ ನರಮಾರ್ಗಗಳು ಸ್ಥಿರವಾದವು, ಅಲ್ಲಿ ಅಳಿವುಂಟು, ಮರುಹುಟ್ಟಿಲ್ಲ ಎಂದು ಬರೆದಿದ್ದರು. ಅನೇಕ ದಶಕಗಳವರೆಗೆ ಅದೇ ಪಾಠವಾಗಿತ್ತು. ಈಗ ಆ ಪಾಠ ಬದಲಾಗಿದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳನ್ನು ಪರೀಕ್ಷಿಸಿದಾಗ, ದಾರಿಯ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಇತರರಿಗಿಂತ ದೊಡ್ಡದಾಗಿತ್ತು. ವೃತ್ತಿಯಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಆ ವ್ಯತ್ಯಾಸ ಹೆಚ್ಚಿತ್ತು. 2004ರಲ್ಲಿ ಜರ್ಮನಿಯವರು ಇನ್ನೂ ಸರಳವಾದುದನ್ನು ತೋರಿಸಿದರು. ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ವಿದ್ಯೆಯನ್ನು ಮೂರು ತಿಂಗಳು ಕಲಿತವರ ಮಿದುಳಿನ ಒಂದು ಭಾಗ ಹಿಗ್ಗಿತು. ಅಭ್ಯಾಸ ಬಿಟ್ಟ ಮೇಲೆ ಹಿಗ್ಗಿದ್ದು ಕುಗ್ಗಿತು. ಇದಕ್ಕೆ ನ್ಯೂರೋಪ್ಲಾಸ್ಟಿಸಿಟಿ ಎಂದು ಹೆಸರು. ಮಿದುಳಿನ ನಮ್ಯತೆ ಎನ್ನೋಣ.

ಉತ್ಪಾದ, ವ್ಯಯ, ಧ್ರೌವ್ಯಗಳನ್ನು ಬಾಲ್ಯದಿಂದ ಕೇಳುತ್ತ ಬಂದವರಿಗೆ ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಇದೆಲ್ಲ ನಮ್ಮ ಆಚಾರ್ಯರಿಗೆ ಮೊದಲೇ ತಿಳಿದಿತ್ತು ಎಂದು ಹೇಳಿಬಿಡುವ ಆಸೆ. ನಾನು ಅದಕ್ಕೆ ಎಡೆಗೊಡುವುದಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ದ್ರವ್ಯಮನಸ್ಸನ್ನು ಹೃದಯದಲ್ಲಿ ಎಂಟು ದಳದ ಕಮಲದಂತೆ ಇರುವುದೆಂದು ನಿರೂಪಿಸಿದ್ದಾರೆ. ಅದನ್ನು ಮಿದುಳಿನ ಸ್ಕ್ಯಾನ್ ಚಿತ್ರದೊಡನೆ ಎಳೆದು ಹೊಂದಿಸಿದರೆ ಶಾಸ್ತ್ರಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಇಲ್ಲ. ನನ್ನ ಪ್ರಶ್ನೆ ತತ್ತ್ವದ್ದಲ್ಲ, ಶ್ರಾವಕಾಚಾರದ್ದು. ಅದು ಹುಟ್ಟಿದ್ದು 2023ರ ಜನವರಿಯಲ್ಲಿ.

ಆ ವೇಳೆಗೆ ಭಾವನವರ ಮಣಿಕಟ್ಟು ಮತ್ತು ಬೆರಳುಗಳಲ್ಲಿ ಅಲ್ಪಸ್ವಲ್ಪ ಚಲನೆ ಕಾಣಿಸಿತ್ತು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ಒಂದು ಚಿಕಿತ್ಸೆಯನ್ನು ಸೂಚಿಸಿದಳು. ಚೆನ್ನಾಗಿರುವ ಎಡಗೈಗೆ ದಪ್ಪ ಕೈಗವಸು ತೊಡಿಸಿ ಅದನ್ನು ನಿರುಪಯುಕ್ತ ಮಾಡುವುದು. ಎಚ್ಚರವಿರುವ ಹೊತ್ತಿನ ಹತ್ತರಲ್ಲಿ ಒಂಬತ್ತು ಪಾಲು ಅದು ಹಾಗೆಯೇ ಇರಬೇಕು. ಎರಡು ವಾರಗಳ ಕಾಲ ಸೋತ ಕೈಯೇ ತಿನ್ನಬೇಕು, ಬಾಗಿಲು ತೆರೆಯಬೇಕು, ದಿನಕ್ಕೆ ಹಲವು ಗಂಟೆ ಸಾಧನೆ ಮಾಡಬೇಕು. ಅಮೆರಿಕದಲ್ಲಿ 222 ರೋಗಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಆಘಾತವಾಗಿ ಮೂರರಿಂದ ಒಂಬತ್ತು ತಿಂಗಳಾದವರಿಗೆ ಇದರಿಂದ ಗಣನೀಯ ಪ್ರಯೋಜನ ಕಂಡಿತ್ತು. ಒಂದು ವರ್ಷದ ಮೇಲೂ ಅದು ಉಳಿದಿತ್ತು. ಎಲ್ಲರಿಗೂ ಇದು ಒದಗುವುದಿಲ್ಲ. ಬೆರಳು ಒಂದಿಷ್ಟಾದರೂ ಅಲುಗುವವರಿಗೆ ಮಾತ್ರ. ಬಲಗೈಯಲ್ಲೇ ಉಣ್ಣಬೇಕೆಂಬ ನಮ್ಮ ಹಿರಿಯರ ಕಟ್ಟುಪಾಡು ಇದರ ಅರ್ಧ ಕೆಲಸವನ್ನು ಮೊದಲೇ ಮಾಡಿಟ್ಟಿತ್ತೆಂದು ಆ ಹುಡುಗಿ ನಕ್ಕಳು. ಅಕ್ಕ ಹಳೆಯ ಹತ್ತಿಯ ಪಂಚೆಯಿಂದ ಕೈಗವಸನ್ನು ತಾನೇ ಹೊಲಿದಿಟ್ಟಳು.

ಆಗ ಭಾವನವರು ಇದು ಹೇಗೆ ಕಂಡುಹಿಡಿಯಲ್ಪಟ್ಟಿತು ಎಂದು ಕೇಳಿದರು. ಕೇಳಬಾರದಿತ್ತು ಎಂದು ನನಗೆ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಮಗ ಓದಿ ಹೇಳಿದ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳ ತೋಳಿನಿಂದ ಬರುವ ಸಂವೇದನೆಯ ನರಗಳನ್ನು ಬೆನ್ನುಹುರಿಯ ಬಳಿ ಕತ್ತರಿಸಿದರು. ಸ್ಪರ್ಶ ಕಳೆದುಕೊಂಡ ತೋಳನ್ನು ಕೋತಿ ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಆ ಜಡವಾದ ತೋಳಿನಿಂದಲೇ ಆಹಾರವನ್ನು ಹಿಡಿಯಿತು. ಅಂದರೆ ತೋಳು ಅಶಕ್ತವಾಗಿರಲಿಲ್ಲ, ಬಳಸದಿರುವುದನ್ನು ಕಲಿತಿತ್ತು. 1981ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಅವರ ಪ್ರಯೋಗಶಾಲೆಗೆ ಪೊಲೀಸರು ನುಗ್ಗಿ 17 ಕೋತಿಗಳನ್ನು ವಶಪಡಿಸಿಕೊಂಡರು. ಮೊಕದ್ದಮೆ ನಡೆಯಿತು, ಶಿಕ್ಷೆಯಾಯಿತು, ಮೇಲಿನ ನ್ಯಾಯಾಲಯದಲ್ಲಿ ರದ್ದಾಯಿತು. ಮುಂದೆ ಅದೇ ವಿಜ್ಞಾನಿ ಅದೇ ಅರಿವನ್ನು ಮನುಷ್ಯರ ಚಿಕಿತ್ಸೆಯಾಗಿ ಬೆಳೆಸಿದರು.

ಭಾವನವರು ಕೈಗವಸನ್ನು ಎಡಗೈಯಿಂದ ಮೇಜಿನ ಆಚೆಗೆ ಸರಿಸಿದರು.

"ಮೂಕಪ್ರಾಣಿಯ ಕೈಯನ್ನು ಕೊಂದು ಕಲಿತ ವಿದ್ಯೆ. ಇದರಿಂದ ನನ್ನ ಕೈ ಬಂದರೆ, ಆ ಕೈಯಿಂದ ನಾನು ಜಿನಬಿಂಬವನ್ನು ಮುಟ್ಟುವುದು ಹೇಗೆ?"

"ನೀವು ಬೇಡವೆಂದರೆ ಆ ಕೋತಿಗಳ ಕೈ ಮರಳಿ ಬರುತ್ತದೆಯೇ?" ಎಂದಳು ಅಕ್ಕ.

"ಬರುವುದಿಲ್ಲ. ನಾನು ಒಪ್ಪಿದಂತೆ ಆಗುತ್ತದೆ."

ಕೃತ, ಕಾರಿತ, ಅನುಮೋದನ ಎಂಬ ಮೂರೂ ನಮ್ಮವರಿಗೆ ಬಾಯಿಪಾಠ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಮೊದಲೆರಡು ಭಾವನವರಿಗೆ ತಟ್ಟುವುದಿಲ್ಲ; ಮೂರನೆಯದು ತಟ್ಟುತ್ತದೆಯೇ ಎಂಬುದು ಪ್ರಶ್ನೆ. ನಾನು ಲೋಕರೂಢಿಯ ವಾದವನ್ನು ಹೂಡಿದೆ: ನೀವು ದಿನವೂ ನುಂಗುವ ರಕ್ತದೊತ್ತಡದ ಮಾತ್ರೆಯೂ ಪ್ರಾಣಿಗಳ ಮೇಲೆ ಪ್ರಯೋಗವಾಗಿಯೇ ಬಂದಿರುತ್ತದಲ್ಲ, ಭಾವ? ಅವರು ನಿಧಾನವಾಗಿ, ತೊದಲುತ್ತ ಉತ್ತರಿಸಿದರು. "ಮಾತ್ರೆ ನುಂಗುವಾಗ ಕೇಳಲಿಲ್ಲ. ಅದು ನನ್ನ ಪ್ರಮಾದ. ಒಂದು ಪ್ರಮಾದವನ್ನು ತೋರಿಸಿ ಇನ್ನೊಂದಕ್ಕೆ ಅನುಮತಿ ಕೊಡುತ್ತೀಯಾ?" ನನ್ನ ಬಳಿ ಉತ್ತರವಿರಲಿಲ್ಲ.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎಂದು ಹೇಳುವುದುಂಟು. ಪ್ರಯೋಗಶಾಲೆಯ ಹಿಂಸೆ ಯಾವುದರಲ್ಲಿ ಸೇರುತ್ತದೆ? ಅದು ವೃತ್ತಿಯಲ್ಲಿ ನಡೆಯುವುದರಿಂದ ಉದ್ಯೋಗಿ ಎಂದು ಕೆಲವರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹೊಲ ಉಳುವಾಗ ಹುಳು ಸಾಯುತ್ತದೆ, ಆದರೆ ಹುಳುವನ್ನು ಕೊಲ್ಲುವುದು ಉಳುವವನ ಉದ್ದೇಶವಲ್ಲ; ಅದು ತಪ್ಪಿಸಿಕೊಂಡರೂ ಅವನ ಬೆಳೆ ಬೆಳೆಯುತ್ತದೆ. ಇಲ್ಲಿ ನರವನ್ನು ಕತ್ತರಿಸುವುದೇ ಕೆಲಸ. ಕತ್ತರಿಸದಿದ್ದರೆ ಫಲವೇ ಇಲ್ಲ. ದ್ವೇಷವಿಲ್ಲದಿರಬಹುದು, ಲೋಕೋಪಕಾರದ ಭಾವವಿರಬಹುದು, ಸಂಕಲ್ಪವಂತೂ ಇದೆ.

ಇದು ದೂರದ ಅಮೆರಿಕದ ಮಾತು ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಬೆಂಗಳೂರಿನಲ್ಲೇ, ಎನ್.ಸಿ.ಬಿ.ಎಸ್. ಎಂಬ ಸಂಸ್ಥೆಯ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಬಂಧಿಸಿಟ್ಟರು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶದ ಕವಲುಗಳು ಕುಗ್ಗಿದವು; ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದಲ್ಲಿ ಹಿಗ್ಗಿದವು. 2004ರ ಮುಂದಿನ ಅಧ್ಯಯನದಲ್ಲಿ ಇಪ್ಪತ್ತೊಂದು ದಿನ ವಿಶ್ರಾಂತಿ ಕೊಟ್ಟು ನೋಡಿದರೂ ಭಯದ ಭಾಗದ ಹಿಗ್ಗುವಿಕೆ ಇಳಿಯಲಿಲ್ಲ. ದೊಡ್ಡ ಸಂಶೋಧನೆ, ಲೋಕವೆಲ್ಲ ಗೌರವಿಸುವ ಸಂಶೋಧನೆ. ಮಾನಸಿಕ ಆಘಾತದಿಂದ ಬಳಲುವ ಅಸಂಖ್ಯ ಜನರನ್ನು ಅರ್ಥಮಾಡಿಕೊಳ್ಳಲು ಅದು ನೆರವಾಗಿದೆ. ಆದರೆ ಕವಲುಗಳನ್ನು ಎಣಿಸುವುದು ಜೀವಂತ ಇಲಿಯಲ್ಲಲ್ಲ. ಮಿದುಳು ನಮ್ಯವೆಂಬ ಶುಭವಾರ್ತೆಯೊಳಗೆ ಇದೂ ಇದೆ: ಭಯವನ್ನು ಕಲಿಯುವುದಕ್ಕೂ ಅದು ನಮ್ಯವೇ.

ಭಾವನವರನ್ನು ಒಲಿಸಲು ನಾನು ಇನ್ನೊಂದು ದಾರಿ ಹುಡುಕಿದೆ. ನಮ್ಮವರೇ ಆದ ವಿ.ಎಸ್. ರಾಮಚಂದ್ರನ್ ಅವರು ಅಮೆರಿಕದಲ್ಲಿ ರೂಪಿಸಿದ ಕನ್ನಡಿಯ ಚಿಕಿತ್ಸೆ. ಎದುರಿಗೆ ಒಂದು ಕನ್ನಡಿಯನ್ನು ನಿಲ್ಲಿಸಿ, ಒಳ್ಳೆಯ ಕೈಯ ಪ್ರತಿಬಿಂಬವನ್ನು ಸೋತ ಕೈಯ ಜಾಗದಲ್ಲಿ ನೋಡುತ್ತ ಎರಡನ್ನೂ ಆಡಿಸುವುದು. ಕೈ ಕಳೆದುಕೊಂಡವರಿಗೆಂದು ಹುಟ್ಟಿದ್ದು ಆಮೇಲೆ ಪಕ್ಷಾಘಾತದವರಿಗೂ ಬಂದಿತು. ಒಂದು ಕನ್ನಡಿ, ಅಷ್ಟೇ. ಯಾವ ಜೀವಕ್ಕೂ ನೋವಿಲ್ಲ. ಹೆಮ್ಮೆಯಿಂದ ಹೇಳಿದೆ. ಮತ್ತಷ್ಟು ಓದಿದಾಗ ಹೆಮ್ಮೆ ಇಳಿಯಿತು. ಸಿಲ್ವರ್ ಸ್ಪ್ರಿಂಗ್‌ನ ಕೋತಿಗಳಲ್ಲಿ ಕೊನೆಗೆ ಉಳಿದವುಗಳ ಮಿದುಳನ್ನು ಪರೀಕ್ಷಿಸಿ, ಸಂವೇದನೆ ಕಳೆದುಕೊಂಡ ತೋಳಿನ ಪ್ರದೇಶವನ್ನು ಮುಖದ ಸಂವೇದನೆಯು ಆಕ್ರಮಿಸಿಕೊಂಡಿತ್ತೆಂದು 1991ರಲ್ಲಿ ಪ್ರಕಟಿಸಿದ್ದರು. ಆ ವರದಿಯನ್ನು ಓದಿಯೇ ರಾಮಚಂದ್ರನ್ ಕೈಯಿಲ್ಲದವನ ಕೆನ್ನೆಯನ್ನು ಹತ್ತಿಯ ತುಂಡಿನಿಂದ ಮುಟ್ಟಿ ನೋಡಿದ್ದು. ಮುಟ್ಟಿದಾಗ ಇಲ್ಲದ ಕೈಯಲ್ಲಿ ಸ್ಪರ್ಶ ತಿಳಿದದ್ದು. ಕನ್ನಡಿಯ ಹಿಂದೆಯೂ ಅದೇ ಕೋತಿಗಳು ನಿಂತಿದ್ದವು.

ಹೀಗೆ ಒಂದು ವಾರ ಕಳೆಯಿತು. ಸಂಜೆಯ ಸ್ವಾಧ್ಯಾಯದಲ್ಲಿ ಅಕ್ಕ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಬಂದಿದ್ದಳು. ಅಹಿಂಸಾಣುವ್ರತದ ಐದು ಅತಿಚಾರಗಳು ವಾಚಕರಿಗೆ ತಿಳಿದವೇ: ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರೆ ಹೇರುವುದು, ಅನ್ನಪಾನವನ್ನು ತಡೆಯುವುದು. ದನಕರುಗಳನ್ನು ಸಾಕುವವರಿಗೆ ಹೇಳಿದ್ದೆಂದು ನಾನು ಇಷ್ಟು ವರ್ಷ ಓದಿಕೊಂಡು ಹೋಗಿದ್ದೆ. ಅಂದು ಕೇಳಿದಾಗ ಯಾವನೋ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಪಟ್ಟಿ ಮಾಡಿದಂತಿತ್ತು.

ಅಕ್ಕ ಪುಸ್ತಕ ಮುಚ್ಚಲಿಲ್ಲ. "ನೋಡ್ರೀ," ಎಂದಳು ಭಾವನವರಿಗೆ, "ಅನ್ನಪಾನ ತಡೆಯುವುದು ಅತಿಚಾರ. ನಾಳೆ ಚತುರ್ದಶಿ, ನಾನು ನನ್ನ ಅನ್ನಪಾನವನ್ನು ತಡೆಯುತ್ತೇನೆ, ಅದು ತಪಸ್ಸು. ಹಸುವಿಗೆ ಮೇವು ಕೊಡದೆ ನನ್ನ ಉಪವಾಸದ ಪುಣ್ಯ ಅದಕ್ಕೂ ಬರಲಿ ಎಂದರೆ ನನ್ನನ್ನು ಏನೆಂದು ಕರೆಯುತ್ತೀರಿ? ಕೋತಿಯ ಕೈ ಕಟ್ಟಿದವನು ಅತಿಚಾರ ಮಾಡಿದ. ನಿಮ್ಮ ಕೈಯನ್ನು ನೀವೇ ಕಟ್ಟಿಕೊಂಡರೆ ಅದಕ್ಕೆ ಬೇರೆ ಹೆಸರಿದೆ."

ಈ ಲೇಖನವನ್ನು ನಾನು ಬರೆಯುತ್ತಿರುವುದೇ ಆ ಮಾತಿಗಾಗಿ. ಕ್ರಿಯೆ ಒಂದೇ, ಬಂಧನವೂ ಒಂದೇ. ತಾನಾಗಿ ಒಪ್ಪಿದವನಲ್ಲಿ ಅದು ನಿಯಮ, ಒಪ್ಪಿಗೆ ಕೊಡಲಾರದವನ ಮೇಲೆ ಅದು ಹಿಂಸೆ. ಎಲ್ಲ ಐದಕ್ಕೂ ಇದು ಹೊಂದುವುದಿಲ್ಲ. ತನ್ನ ಅಂಗವನ್ನು ತಾನೇ ಕತ್ತರಿಸಿಕೊಳ್ಳುವುದು ತಪಸ್ಸಾಗಲಾರದು. ಆದರೆ ಬಂಧನ ಮತ್ತು ಅನಶನಗಳಲ್ಲಿ ಗೆರೆ ಸ್ಪಷ್ಟವಾಗಿದೆ. ಈಚೆಗೆ ನಮ್ಮ ಉಪನ್ಯಾಸಗಳಲ್ಲಿ ಉಪವಾಸದಿಂದ ಮಿದುಳು ಬಲಗೊಳ್ಳುತ್ತದೆಂದು ವಿಜ್ಞಾನವೇ ಹೇಳಿದೆ ಎಂಬ ಮಾತು ಚಪ್ಪಾಳೆಯೊಡನೆ ಕೇಳಿಬರುತ್ತಿದೆ. ವಿಜ್ಞಾನ ಹೇಳಿರುವುದು ಬಹುಮಟ್ಟಿಗೆ ಇಲಿಗಳ ವಿಷಯ. ಅಮೆರಿಕದ ಮಾರ್ಕ್ ಮ್ಯಾಟ್ಸನ್ ಮತ್ತು ಸಂಗಡಿಗರು ಇಲಿಗಳಿಗೆ ತಿಂಗಳುಗಟ್ಟಲೆ ಆಹಾರವನ್ನು ತಡೆತಡೆದು ಕೊಟ್ಟು, ಅನಂತರ ಮಿದುಳಿನ ರಕ್ತನಾಳವನ್ನು ಮುಚ್ಚಿ ನೋಡಿದಾಗ ಹಾನಿ ಕಡಿಮೆಯಾಗಿತ್ತು. ನಮ್ಮ ಅನಶನಕ್ಕೆ ಸಮರ್ಥನೆಯಾಗಿ ನಾವು ಎತ್ತಿ ಹಿಡಿಯುವುದು ಇನ್ನೊಂದು ಜೀವದ ಅನ್ನಪಾನನಿರೋಧವನ್ನು! ಉಪವಾಸಕ್ಕೆ ಆ ಸಾಕ್ಷಿ ಬೇಕಾಗಿಯೂ ಇಲ್ಲ. ಪಕ್ಷಾಘಾತವಾದವನಿಗೆ ನಿರಾಹಾರವು ಔಷಧವೆಂದು ಅದರಿಂದ ಸಿದ್ಧವೂ ಆಗುವುದಿಲ್ಲ. ಭಾವನವರಿಗೆ ವೈದ್ಯರು ಮಾತ್ರೆ ತಪ್ಪಿಸಕೂಡದು, ನೀರು ಬಿಡಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬಾಹ್ಯ ತಪಸ್ಸು ಆರಿರುವಾಗ ಒಂದೇ ಬಾಗಿಲನ್ನು ಬಡಿಯುವುದೇಕೆ? ಅವರು ಅನಶನವನ್ನು ಬಿಟ್ಟು ಅವಮೌದರ್ಯ ಮತ್ತು ರಸಪರಿತ್ಯಾಗಗಳನ್ನು ಹಿಡಿದರು. ಪರ್ವದ ದಿನಗಳಲ್ಲಿ ಅವರು ತ್ಯಜಿಸಿದ ರಸ ಉಪ್ಪು, ವೈದ್ಯರೂ ಸಂತೋಷಪಟ್ಟರು.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ, ಕಾಲಮಿತಿಯಿರುವ ತ್ಯಾಗವು ನಿಯಮ, ಜೀವಾವಧಿಯದು ಯಮ ಎಂಬ ಭೇದವಿದೆ. ಭಾವನವರು ಹದಿನಾಲ್ಕು ದಿನಗಳ ನಿಯಮವನ್ನು ಜಿನಬಿಂಬದೆದುರು ಸ್ವೀಕರಿಸಿದರು. ಸ್ನಾನ ಮಾಡುವಾಗ, ಕೋಲು ಹಿಡಿದು ನಡೆಯುವಾಗ ಕೈಗವಸು ತೆಗೆಯಬಹುದೆಂಬ ವಿನಾಯಿತಿಯನ್ನು ಮೊದಲೇ ಹೇಳಿಕೊಂಡರು. ಬಿದ್ದು ಸೊಂಟ ಮುರಿದುಕೊಳ್ಳುವುದು ವ್ರತವಲ್ಲ.

ಆ ಹದಿನಾಲ್ಕು ದಿನಗಳನ್ನು ಹತ್ತಿರದಿಂದ ನೋಡಿದ್ದೇನೆ. ಹುಣಿಸೆಬೀಜಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುವುದು ಮೊದಲ ಪಾಠ. ಹತ್ತು ಬೀಜಕ್ಕೆ ಅರ್ಧ ಗಂಟೆ. ಅನ್ನದ ತುತ್ತು ಬಾಯಿಗೆ ಬಾರದೆ ಎದೆಯ ಮೇಲೆ ಬೀಳುತ್ತಿತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಲೆಂದು ನಾಲ್ಕು ಗಂಟೆಗೇ ಕೂರುತ್ತಿದ್ದರು. ಮೂರನೆಯ ದಿನ ಸಿಟ್ಟಿನಿಂದ ತಟ್ಟೆಯನ್ನು ತಳ್ಳಿದರು, ಆಮೇಲೆ ಬಹಳ ಹೊತ್ತು ಅತ್ತರು. ಬೇರೆಯವರು ಅವರ ಕೈಯನ್ನು ಹಿಡಿದು ಆಡಿಸಿದರೆ ಸಾಲದು, ಅವರೇ ಮನಸ್ಸಿಟ್ಟು ಪ್ರಯತ್ನಿಸಬೇಕು ಎಂದು ಆ ಹುಡುಗಿ ಪದೇ ಪದೇ ಹೇಳುತ್ತಿದ್ದಳು. "ಉಪಯೋಗವಿಲ್ಲದ ಕ್ರಿಯೆ," ಎಂದು ಭಾವನವರು ನಮ್ಮ ಪರಿಭಾಷೆಯಲ್ಲಿ ಅದನ್ನು ಹೇಳಿದಾಗ ಆಕೆಗೆ ಅರ್ಥವಾಗದೆ, "ಇಲ್ಲ ಅಂಕಲ್, ತುಂಬಾ ಉಪಯೋಗ ಇದೆ," ಎಂದು ಸಮಾಧಾನ ಮಾಡಿದಳು. ಮನೆಯಲ್ಲಿ ತಿಂಗಳುಗಳ ಮೇಲೆ ಕೇಳಿದ ನಗು ಅದು.

ಕೈ ಪೂರ್ತಿ ಬರಲಿಲ್ಲ. ಚಮಚ ಹಿಡಿಯುವಷ್ಟು, ನಲ್ಲಿ ತಿರುಗಿಸುವಷ್ಟು, ಲೇಖನಿಯನ್ನು ಮುಷ್ಟಿಯಲ್ಲಿಟ್ಟು ಗೀಚುವಷ್ಟು ಬಂದಿತು. ಅಂಗಿಯ ಗುಂಡಿ ಇಂದಿಗೂ ಅಕ್ಕನ ಪಾಲಿಗೇ. ಜಪಮಾಲೆಯಲ್ಲಿ ಇಪ್ಪತ್ತು ಮಣಿ ಸರಿಯುವುದರೊಳಗೆ ಹೆಬ್ಬೆರಳು ಸೆಟೆಯುತ್ತದೆ. ಮದುವೆಯೊಂದಕ್ಕೆ ಹೋಗಿ ಹತ್ತು ದಿನ ಸಾಧನೆ ತಪ್ಪಿದಾಗ ಅದು ಹದಿನಾಲ್ಕಕ್ಕೆ ಇಳಿದಿತ್ತು.

ಅನುಮೋದನದ ಪ್ರಶ್ನೆ ಮಾತ್ರ ಕೈಯೊಡನೆ ವಾಸಿಯಾಗಲಿಲ್ಲ. ನನ್ನ ತಿಳಿವಳಿಕೆಯನ್ನು ಹೇಳುತ್ತೇನೆ, ಪಂಡಿತರು ತಿದ್ದಲಿ. ನಡೆದುಹೋದ ಹಿಂಸೆಯಿಂದ ಬಂದ ಅರಿವನ್ನು ಬಳಸುವುದು ತಾನಾಗಿಯೇ ಅನುಮೋದನವಲ್ಲ. ಇನ್ನೂ ಹೀಗೆಯೇ ನಡೆಯಲಿ, ನನಗೆ ಫಲ ಬರುತ್ತಿರಲಿ ಎಂದು ಸುಮ್ಮನಿರುವುದು ಅನುಮೋದನ. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬ ಆಶಯ ಅದರಲ್ಲೇ ಇದೆ. ಪ್ರಯೋಗಗಳ ನಿಯಂತ್ರಣಕ್ಕೆ 1998ರಲ್ಲಿ ನಿಯಮಾವಳಿಯಾಯಿತು. ಆದರೆ ತಪ್ಪಿಸಿದ ಮೇಲೆ ವಿಜ್ಞಾನಿ ಏನನ್ನು ನೋಡಿ ಕಲಿಯಬೇಕು? ಟ್ಯಾಕ್ಸಿ ಚಾಲಕರಂತೆ ತಾವಾಗಿ ಬಂದು ಯಂತ್ರದೊಳಗೆ ಮಲಗುವ ಮನುಷ್ಯರು ಬೇಕು. ಸತ್ತ ಮೇಲೆ ತಮ್ಮ ಮಿದುಳನ್ನು ಕೊಡುವ ಮನುಷ್ಯರೂ ಬೇಕು.

ಜಯನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಅಲ್ಲಿ ಮಾನವ ಮಿದುಳಿನ ಅಂಗಾಂಶ ಭಂಡಾರವೊಂದು ಸ್ಥಾಪನೆಯಾಯಿತು. ಅಲ್ಲಿಯ ಸಂಗ್ರಹಾಲಯವನ್ನು ನೋಡಿ ಬಂದ ಭಾವನವರು ದಾನಪತ್ರದ ನಮೂನೆಯೊಂದನ್ನು ತಂದರು. ಮರಣವಾದ ಕೆಲವೇ ಗಂಟೆಗಳಲ್ಲಿ ಮಿದುಳನ್ನು ತೆಗೆಯಬೇಕು, ದೇಹವನ್ನು ಸಂಸ್ಕಾರಕ್ಕೆ ಹಿಂದಿರುಗಿಸುತ್ತಾರೆ. ಮನೆಯವರ ಒಪ್ಪಿಗೆ ಬೇಕು. ಅವರ ಪಾಲಿಗೆ ಇದು ಔಷಧದಾನವೂ ಹೌದು, ಆ ಮಟ್ಟಿಗೆ ಒಂದೆರಡು ಮೂಕಪ್ರಾಣಿಗಳಿಗೆ ಅಭಯದಾನವೂ ಹೌದು.

ಕೈಗವಸನ್ನು ಹೊಲಿದು ಕೊಟ್ಟ ಅಕ್ಕ ಇದಕ್ಕೆ ಒಪ್ಪಿಲ್ಲ. ಶವವನ್ನು ಬೇಗ ದಹಿಸಬೇಕೆಂಬುದು ಸುಮ್ಮನೆ ಮಾಡಿದ ಕಟ್ಟಳೆಯೇ ಎಂದು ಕೇಳುತ್ತಾಳೆ. ಹೊತ್ತು ಕಳೆದಂತೆ ಆ ದೇಹದಲ್ಲಿ ಹುಟ್ಟುವ ಸಮ್ಮೂರ್ಛನ ಜೀವಗಳ ಲೆಕ್ಕವನ್ನು ಯಾರು ಕೊಡುತ್ತಾರೆ? ಕಣ್ಣಿಗೆ ಕಾಣುವ ಇಲಿಗಾಗಿ ಕಾಣದ ಜೀವಗಳನ್ನು ಬಲಿಕೊಡುವುದು ಯಾವ ನ್ಯಾಯ? ಭಾವನವರು ಉತ್ತರ ಹುಡುಕುತ್ತಿದ್ದಾರೆ. ನಾನೂ ಹುಡುಕುತ್ತಿದ್ದ‌ೇನೆ. ಆ ಕಾಗದ ಸದ್ಯಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗುರುತಿಗೆ ಇಟ್ಟಂತೆ ಇದೆ. ಅದರ ಕೆಳಗೆ ಭಾವನವರ ಸಹಿ, ಬಲಗೈಯಲ್ಲಿ ಮಾಡಿದ್ದು, ಸಾಲಿನಿಂದ ಜಾರಿ ಓರೆಯಾಗಿದೆ. ಮನೆಯವರು ಸಹಿ ಮಾಡಬೇಕಾದ ಸ್ಥಳ ಖಾಲಿಯಿದೆ.